ಲೆಕ್ಕ, ಬಝರ್, ಹಾಡು: ಫ್ರೆಂಚ್ ಟಿವಿಯ ಮೂರು ಆಟಗಳು

2021ರಲ್ಲಿ ಫ್ರಾನ್ಸಿನ ತುಲೂಸಿಗೆ ಬಂದಾಗ ನನ್ನ ಫ್ರೆಂಚ್ ತರಕಾರಿ ಕೊಳ್ಳೋಕೆ ಸಾಲುತ್ತಿತ್ತು, ಅಷ್ಟೆ. ಟಿವಿ ನೋಡು, ಭಾಷೆ ತಾನಾಗಿ ಬರುತ್ತೆ ಅಂದರು ಎಲ್ಲರೂ. ಸುದ್ದಿ ತಲೆಗೆ ಹತ್ತಲಿಲ್ಲ, ಧಾರಾವಾಹಿ ಬೇಜಾರು ಬಂತು. ಕೊನೆಗೆ ಉಳಿದದ್ದು ಗೇಮ್ ಶೋಗಳು. ಮೂರನ್ನು ಬಿಡದೆ ನೋಡಿದೆ.

ಮೊದಲು ಹತ್ತಿರವಾದದ್ದು ‘ದೆ ಶಿಫ್ರ್ ಎ ದೆ ಲೆತ್ರ್’, ಅಂಕಿ ಮತ್ತು ಅಕ್ಷರಗಳ ಆಟ. 1972ರಿಂದ ಈ ಹೆಸರಲ್ಲಿತ್ತು, ಬೇರು 1965ರದ್ದು. ಬ್ರಿಟನ್ನಿನ ‘ಕೌಂಟ್‌ಡೌನ್’ ಹುಟ್ಟಿದ್ದೇ ಇದರಿಂದ. ಆರು ಸಂಖ್ಯೆ ಕೊಡ್ತಿದ್ದರು. ಕೂಡಿ, ಕಳೆದು, ಗುಣಿಸಿ, ಭಾಗಿಸಿ ಮೂರಂಕಿಯ ಒಂದು ಸಂಖ್ಯೆ ಮುಟ್ಟಬೇಕಿತ್ತು. ಮುಟ್ಟಿದರೆ ‘ಲ ಕೋಂತ್ ಎ ಬೋಂ’, ಲೆಕ್ಕ ಸರಿಹೋಯ್ತು. ಇದಕ್ಕೆ ಭಾಷೆ ಯಾಕೆ ಬೇಕು ಅಂದುಕೊಂಡಿದ್ದೆ. ಒಂದಿನ ಅಡುಗೆಮನೆಯಿಂದಲೇ ಕೇಳಿಸಿಕೊಂಡು ‘ಏಳುನೂರ ಎಂಬತ್ತು’ ಅಂತ ಬರೆದುಕೊಂಡೆ. ಟಿವಿಯಲ್ಲಿ ಸಂಖ್ಯೆ ಹೇಳುತ್ತಿದ್ದವನು ಇನ್ನೂ ಮುಗಿಸಿರಲಿಲ್ಲ. ಎಂಬತ್ತರ ಬೆನ್ನಿಗೆ ‘ಹದಿನೇಳು’ ಬಂತು! ಇವರಿಗೆ ತೊಂಬತ್ತೇಳು ಅಂದರೆ ನಾಲ್ಕಿಪ್ಪತ್ತು ಮೇಲೆ ಹದಿನೇಳು. ಆಗ ಮೈಸೂರಿಂದ ಅಮ್ಮ ಬಂದಿದ್ದಳು, ನಿವೃತ್ತ ಲೆಕ್ಕದ ಮೇಷ್ಟ್ರು. ಒಂದಕ್ಷರ ಫ್ರೆಂಚ್ ಬರಲ್ಲ. ಪರದೆ ನೋಡಿ, ‘ನೂರೆಂಟ್ಲೆ ಎಂಟುನೂರು, ಮೂರು ಕಳಿ, ಆಯ್ತಲ್ಲ’ ಅಂದಳು. ಎದುರಿಗೇ 100, 8, 3 ಇದ್ದವು.

ಅಕ್ಷರದ ಸುತ್ತು ಮಾತ್ರ ಬೇರೆಯೇ ಕಥೆ. ಸ್ವರ ಬೇಕೋ ವ್ಯಂಜನ ಬೇಕೋ ಅಂತ ಕೇಳಿ ಹತ್ತು ಅಕ್ಷರ ಕೊಡ್ತಿದ್ದರು, ಉದ್ದನೆ ಪದ ಕಟ್ಟಬೇಕಿತ್ತು. ಫ್ರೆಂಚಿನಲ್ಲಿ ನೀರಿಗೆ ಬಾಯಲ್ಲಿ ಬರೋದು ಬರೀ ‘ಓ’. ಬರೆಯೋಕೆ ಮೂರಕ್ಷರ, ಬಹುವಚನಕ್ಕೆ ನಾಲ್ಕು, ಉಚ್ಚಾರ ಆಗಲೂ ‘ಓ’. ಕಿವಿಯಿಂದ ಕಲಿತವರು ಇಲ್ಲಿ ಸೋತರು ಅಂತಲೇ ಲೆಕ್ಕ. (ಕನ್ನಡದಲ್ಲಿ ಈ ಆಟ ಆಡೋಕೇ ಆಗಲ್ಲ ಅನ್ಸುತ್ತೆ. ಕಾಗುಣಿತ ಬಿಡಿಸಿ ಇಡೋದು ಹೇಗೆ?)

ಎರಡನೆಯದು ‘ಕೆಸ್ತ್ಯೋಂ ಪೂರ್ ಅಂ ಶಾಂಪ್ಯೋಂ’, ಅಂದರೆ ಚಾಂಪಿಯನ್ನಿಗೆ ಪ್ರಶ್ನೆಗಳು, ಕ್ವಿಜ್ ಆಟ. 1988ರಿಂದ ನಡೆದಿದೆ. ಜೂಲಿಯೆಂ ಲೆಪೇರ್ 2016ರ ತನಕ ನಡೆಸಿಕೊಟ್ಟರು, ನಾನು ನೋಡಿದ್ದು ಸಾಮ್ಯುಯೆಲ್ ಎತಿಯೆನ್ ಕಾಲದ್ದು. ನಾಲ್ವರು, ಕೈಯಲ್ಲಿ ಬಝರ್, ಮೊದಲು ಒಂಬತ್ತು ಅಂಕ ತಲುಪಿದ ಮೂವರು ಮುಂದಕ್ಕೆ. ಕೊನೆಯ ಜೋಡಿಯಾಟದ ಪ್ರಶ್ನೆಗಳು ನಮ್ಮ ಒಗಟಿನ ಹಾಗೆ, ‘ನಾನು ಇಂಥವನು, ಇಂಥ ಕಡೆ ಹುಟ್ಟಿದೆ’ ಅಂತ ಸಾಗುತ್ತವೆ. ತಡವಾದಷ್ಟೂ ಅಂಕ ನಾಲ್ಕರಿಂದ ಒಂದಕ್ಕೆ ಇಳಿಯುತ್ತೆ. ನಾನು ವಾಕ್ಯ ಪೂರ್ತಿ ಕೇಳಿ ಅರ್ಥ ಮಾಡಿಕೊಳ್ಳೋ ಹೊತ್ತಿಗೆ ಮುಂದಿನ ಪ್ರಶ್ನೆ! ಎಷ್ಟನೇ ಲೂಯಿ ದೊರೆ, ಯಾವ ಜಿಲ್ಲೆಗೆ ಯಾವ ಊರು ಕೇಂದ್ರ, ಇವೆಲ್ಲ ಶಾಲೆಯಲ್ಲೇ ಉರು ಹೊಡೆದವರಿಗೆ ಸುಲಭ. ಒಳ್ಳೇ ಆಟವೇ, ಆದರೆ ಹೊಸಬರಿಗೆ ಅಲ್ಲ.

ಫ್ರಾನ್ಸ್ 2 ಚಾನೆಲ್ಲಿನಲ್ಲಿ 2007ರಿಂದ ನಾಗಿ ಅನ್ನೋ ನಿರೂಪಕ ನಡೆಸುವ ‘ನೂಬ್ಲಿಯೆ ಪಾ ಲೆ ಪರೋಲ್’ ಹಾಡಿನದ್ದು. ಮೂಲ ಅಮೆರಿಕದ್ದು. ವಾದ್ಯ ಬಾರಿಸ್ತಾರೆ, ಸಾಲುಗಳು ಪರದೆ ಮೇಲೆ ಓಡುತ್ತವೆ, ಥಟ್ಟನೆ ಅಕ್ಷರ ಮಾಯ. ಉಳಿದದ್ದನ್ನ ಸ್ಪರ್ಧಿಯೇ ಹಾಡಬೇಕು, ಒಂದು ಪದವೂ ತಪ್ಪಬಾರದು. ಅಂತ್ಯಾಕ್ಷರಿ ಆಡಿದ ನಮಗೆ ಇದು ಹೊಸದಲ್ಲ, ಆದರೆ ಅಲ್ಲಿ ‘ಲಲಲಾ’ ಅಂತ ತೇಲಿಸಿದರೆ ನಡೆಯುತ್ತಿತ್ತು, ಇಲ್ಲಿ ದುಡ್ಡು ಹೋಗುತ್ತೆ. ಭಾಷೆ ಕಲಿಯೋಕೆ ಇದನ್ನು ಮೀರಿಸಿದ್ದಿಲ್ಲ. ಓದುವುದು, ಕೇಳುವುದು ಒಟ್ಟಿಗೇ ಆಗುತ್ತೆ, ಯಾವ ಅಕ್ಷರ ನುಂಗಬೇಕು ಅನ್ನೋದು ಹಾಡೇ ಹೇಳಿಕೊಡುತ್ತೆ. ಆರು ತಿಂಗಳಲ್ಲಿ ಬೇಕರಿಯವಳು ನನ್ನನ್ನ ಎರಡೆರಡು ಸಲ ಕೇಳೋದು ನಿಲ್ಲಿಸಿದಳು.

ಆದರೂ ನನ್ನ ಮನಸ್ಸು ಅಂಕಿ ಆಟದ ಕಡೆಗೇ. 2024ರಲ್ಲಿ ಅದನ್ನ ನಿಲ್ಲಿಸಿದರು. ಫೋನಲ್ಲಿ ಅಮ್ಮನಿಗೆ ಹೇಳಿದೆ.

‘ಅಯ್ಯೋ, ಲೆಕ್ಕದ್ದು ಹೋಯ್ತಾ? ಹಾಡಿಂದು ಇದೆ ತಾನೆ?’

ಇದೆ ಅಂದೆ.

‘ಸರಿ ಬಿಡು, ಅದನ್ನೇ ನೋಡು. ಲೆಕ್ಕ ನಿಂಗೆ ಯಾವತ್ತು ಬಂದಿತ್ತು?’