ಸೈಕಲ್ ಮೋಟಾರ್ ಕಿಟ್: ಪೆಟ್ಟಿಗೆಯಲ್ಲಿ ಇಲ್ಲದ ಒಂದು ಉಕ್ಕಿನ ಪಟ್ಟಿ

ಸೈಕಲ್ಲಿನ ಹಿಂದಿನ ಚಕ್ರಕ್ಕೆ ಜೋಡಿಸುವ 36 ವೋಲ್ಟ್, 250 ವಾಟ್ ಹಬ್ ಮೋಟಾರ್ (ಚಕ್ರದ ನಡುಭಾಗದಲ್ಲೇ ಕೂರುವ ಮೋಟಾರ್) ಕಿಟ್ ನನ್ನ ಬಳಕೆಗೆ ಬಂದು ಇದು ಎರಡನೆಯ ಮಳೆಗಾಲ. ಅದರ ವೇಗ, ತೂಕ, ಒಂದು ಚಾರ್ಜಿಗೆ ಓಡುವ ದೂರ ಇವೆಲ್ಲ ಮಾರಾಟದ ಪುಟದಲ್ಲೇ ಇರುವುದರಿಂದ ಇಲ್ಲಿ ಮತ್ತೆ ಬರೆಯುವುದಿಲ್ಲ. ಆ ಅಂಕಿಗಳ ಬಗ್ಗೆ ನನಗೆ ದೊಡ್ಡ ತಕರಾರೂ ಇಲ್ಲ. ನನ್ನ ತಕರಾರು ಇರುವುದು ಪೆಟ್ಟಿಗೆಯಲ್ಲಿ ಇರಲೇಬೇಕಾಗಿದ್ದ, ಆದರೆ ಇರದ ಒಂದು ಸಣ್ಣ ಉಕ್ಕಿನ ಪಟ್ಟಿಯ ಬಗ್ಗೆ.

ಆನೆಗೊಂದಿಯಿಂದ ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಲೆಕ್ಕ ಬರೆಯುವ ಕೆಲಸಕ್ಕೆ ದಿನವೂ ಹೋಗಿ ಬರುವವನು ನಾನು. ಹೊಸ ಸ್ಕೂಟರ್ ಕೊಳ್ಳುವ ಶಕ್ತಿ ಇರಲಿಲ್ಲ, ಬಸ್ಸಿನ ಸಮಯಕ್ಕೂ ಗಿರಣಿಯ ಸಮಯಕ್ಕೂ ಹೊಂದುತ್ತಿರಲಿಲ್ಲ. ಮೊದಲು ನೋಡಿದ್ದು ಸೈಕಲ್ಲಿನ ನಡುವೆ ಕೂರಿಸುವ ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ ಕಿಟ್ಟನ್ನು. ಅದರ ಬೆಲೆ ಕಡಿಮೆ, ಸದ್ದು ಹೆಚ್ಚು. ಅದಕ್ಕಿಂತ ಮುಖ್ಯವಾಗಿ, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 25 ಸಿಸಿ ಮೀರಿದ ಎಂಜಿನ್ ಇರುವ ದ್ವಿಚಕ್ರ ವಾಹನವು ಮೋಟಾರು ವಾಹನವೇ ಆಗುತ್ತದೆ. ಆ ಕಿಟ್‌ಗಳು ಸಾಮಾನ್ಯವಾಗಿ 48 ಅಥವಾ 66 ಸಿಸಿಯವು. ನೋಂದಣಿ, ವಿಮೆ, ಲೈಸೆನ್ಸ್ ಇಲ್ಲದೆ ಅವನ್ನು ರಸ್ತೆಗೆ ಇಳಿಸುವಂತಿಲ್ಲ. ವಿದ್ಯುತ್ ಮೋಟಾರಿಗೆ 250 ವಾಟ್ ಮತ್ತು ಗಂಟೆಗೆ 25 ಕಿ.ಮೀ. ಎಂಬ ಮಿತಿಯೊಳಗೆ ಆ ಕಟ್ಟುಪಾಡು ಇಲ್ಲದ ಕಾರಣ ಇದನ್ನೇ ಆರಿಸಿದೆ.

ಜೋಡಣೆಯ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿರುವ, ರಾಡ್ ಬ್ರೇಕಿನ ದೊಡ್ಡ ಕರಿ ಸೈಕಲ್ಲುಗಳ ಹಿಂದಿನ ಚಕ್ರಕ್ಕೆ 40 ಕಡ್ಡಿಗಳಿರುತ್ತವೆ. ಹಬ್ ಮೋಟಾರಿಗೆ ಇರುವುದು 36 ತೂತು. ಮೋಟಾರ್ ಮಾತ್ರ ತರಿಸಿ ಹಳೆಯ ರಿಮ್ಮಿಗೇ ಕಟ್ಟಿಸುವ ಲೆಕ್ಕ ಹಾಕಿದವರಿಗೆ ಇದು ಕೆಲಸ ಶುರುವಾದ ಮೇಲೆ ತಿಳಿಯುತ್ತದೆ. ನನ್ನದು 26 ಇಂಚಿನ ಗೇರ್ ಇಲ್ಲದ ಸೈಕಲ್ ಆದ್ದರಿಂದ ರಿಮ್ ಸಮೇತ ಬಂದ ಚಕ್ರವನ್ನೇ ಕೂರಿಸಲಾಯಿತು. ವೈರುಗಳ ತುದಿಗಳು ಬಣ್ಣಕ್ಕೆ ಬಣ್ಣ ಹೊಂದುತ್ತವೆ, ಅಲ್ಲಿ ತಪ್ಪುವುದು ಕಷ್ಟ. ಪೆಡಲ್ಲಿನ ಪಕ್ಕದ ಅಯಸ್ಕಾಂತದ ಬಿಲ್ಲೆಯಲ್ಲಿರುವ ಬಾಣದ ಗುರುತು ಪೆಡಲ್ ತುಳಿಯುವ ದಿಕ್ಕಿಗೆ ಇರಬೇಕು ಮತ್ತು ಬಿಲ್ಲೆಗೂ ತುಳಿತವನ್ನು ಗುರುತಿಸುವ ಸೆನ್ಸರಿಗೂ ಎರಡು ಮೂರು ಮಿ.ಮೀ. ಮಾತ್ರ ಅಂತರವಿರಬೇಕು; ಇವೆರಡನ್ನು ಗಮನಿಸಿದರೆ ಮೋಟಾರ್ ಮೊದಲ ತುಳಿತಕ್ಕೇ ಜೊತೆಗೂಡುತ್ತದೆ.

ಈ ಕಿಟ್ ನೀಡುವ ನಿಜವಾದ ಸುಖ ವೇಗದಲ್ಲಿಲ್ಲ. ಜೂನ್, ಜುಲೈ ತಿಂಗಳಲ್ಲಿ ಸಂಜೆ ಗಂಗಾವತಿ ಬಿಟ್ಟು ಆನೆಗೊಂದಿಯ ಕಡೆ ತಿರುಗಿದರೆ ಮುಂಗಾರಿನ ಗಾಳಿ ಎದೆಗೇ ಬಡಿಯುತ್ತದೆ. ನಾಟಿಗೆ ಸಿದ್ಧವಾದ ಗದ್ದೆಗಳ ನಡುವಿನ ಬಯಲು ದಾರಿಯಲ್ಲಿ ಆ ಗಾಳಿಯನ್ನು ತಡೆಯಲು ಏನೂ ಇರುವುದಿಲ್ಲ. ಹಿಂದೆಲ್ಲ ಆ ದಿನಗಳಲ್ಲಿ ಮನೆ ಮುಟ್ಟುವ ಹೊತ್ತಿಗೆ ಮಾತನಾಡಲೂ ತ್ರಾಣ ಉಳಿಯುತ್ತಿರಲಿಲ್ಲ. ಈಗ ತುಳಿಯುವುದು ನಾನೇ, ಆದರೆ ಗಾಳಿಯ ಪಾಲಿನ ಭಾರವನ್ನು ಮೋಟಾರ್ ಹೊರುತ್ತದೆ. ಬಂಡೆಗುಡ್ಡಗಳ ನಡುವಿನ ಏರುಗಳಲ್ಲೂ ಅಷ್ಟೇ. ಇಷ್ಟು ಹಿಡಿಸಿದ ವಸ್ತುವಿನ ಮೇಲೆಯೇ ನನಗೆ ಸಿಟ್ಟು ಬಂದ ಕಾರಣವನ್ನು ಈಗ ವಿವರವಾಗಿ ಹೇಳಬೇಕು.

ಸಾಮಾನ್ಯ ಸೈಕಲ್ಲಿನಲ್ಲಿ ಹಿಂದಿನ ಆಕ್ಸಲ್, ಅಂದರೆ ಚಕ್ರದ ಅಚ್ಚು, ಭಾರವನ್ನು ಹೊರುತ್ತದೆಯೇ ಹೊರತು ತಾನು ತಿರುಗಲು ಯತ್ನಿಸುವುದಿಲ್ಲ. ಹಬ್ ಮೋಟಾರಿನಲ್ಲಿ ಹಾಗಲ್ಲ. ಚಕ್ರವನ್ನು ಎಷ್ಟು ಬಲದಿಂದ ಮುಂದಕ್ಕೆ ತಿರುಗಿಸುತ್ತದೆಯೋ ಅಷ್ಟೇ ಬಲದಿಂದ ಮೋಟಾರ್ ತನ್ನ ಆಕ್ಸಲ್ಲನ್ನು ಹಿಂದಕ್ಕೆ ತಿರುಚುತ್ತದೆ. ಆಕ್ಸಲ್ಲಿನ ಎರಡು ಬದಿಗಳನ್ನು ಚಪ್ಪಟೆಯಾಗಿ ಸವೆಸಿರುವುದು ಫ್ರೇಮಿನ ಸೀಳಿನಲ್ಲಿ ಅದು ತಿರುಗದೆ ನಿಲ್ಲಲಿ ಎಂದೇ. ಆದರೆ ಅಗ್ಗದ ಸೈಕಲ್ಲಿನ ತೆಳು ತಗಡಿನ ಸೀಳು, ಪ್ರತಿ ಬಾರಿ ನಿಂತು ಹೊರಡುವಾಗ ಬೀಳುವ ಈ ತಿರುಚನ್ನು ಬಹಳ ಕಾಲ ತಾಳುವುದಿಲ್ಲ. ಸೀಳಿನ ಅಂಚು ಕೂದಲೆಳೆಯಷ್ಟು ಅಗಲವಾಗುತ್ತದೆ, ನಟ್ ಸಡಿಲಾಗುತ್ತದೆ, ಆಕ್ಸಲ್ ಸ್ವಲ್ಪ ಸ್ವಲ್ಪವೇ ತಿರುಗತೊಡಗುತ್ತದೆ. ಮೋಟಾರಿನ ಎಲ್ಲ ವೈರುಗಳೂ ಹೊರಬರುವುದು ಆ ಟೊಳ್ಳು ಆಕ್ಸಲ್ಲಿನ ಮೂಲಕವೇ ಆದ್ದರಿಂದ ಆಕ್ಸಲ್ ತಿರುಗಿದರೆ ಕೇಬಲ್ಲೂ ತಿರುಚಿಕೊಳ್ಳುತ್ತದೆ. ಇದನ್ನು ತಡೆಯಲೆಂದೇ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯೊಂದಿದೆ: ಒಂದು ತುದಿ ಆಕ್ಸಲ್ಲಿನ ಚಪ್ಪಟೆ ಭಾಗವನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ತುದಿಯನ್ನು ಫ್ರೇಮಿನ ಕೊಳವೆಗೆ ಕಟ್ಟಲಾಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಕೈಪಿಡಿಯಲ್ಲಿ ಅದರ ಹೆಸರೂ ಇರಲಿಲ್ಲ. 'ನಟ್ ಬಿಗಿಯಾಗಿ ಕಟ್ಟಿ' ಎಂದಷ್ಟೇ ಇತ್ತು.

ಮೊದಲ ಬೇಸಿಗೆ ಕಳೆಯುವ ಹೊತ್ತಿಗೆ ಹೊರಡುವಾಗ ಮೋಟಾರ್ ಜಗ್ಗಿ ಜಗ್ಗಿ ನಡುಗತೊಡಗಿತು. ಒಮ್ಮೆ ವೇಗ ಹಿಡಿದರೆ ಓಡುತ್ತಿತ್ತು, ನಿಂತರೆ ಮತ್ತೆ ಅದೇ ಗೊರಗೊರ. ಇದೇ ಲಕ್ಷಣ ಕಂಡವರಿಗೆ ನಾನು ಪರೀಕ್ಷಿಸಿದ ಕ್ರಮ ನೆರವಾಗಬಹುದು. ಪೂರ್ತಿ ಚಾರ್ಜಾದ 36 ವೋಲ್ಟಿನ ಲಿಥಿಯಂ ಬ್ಯಾಟರಿ 42 ವೋಲ್ಟ್ ತೋರಿಸಬೇಕು, ತೋರಿಸಿತು. ಬ್ರೇಕ್ ಹಿಡಿಕೆಗಳಲ್ಲಿ ಮೋಟಾರ್ ನಿಲ್ಲಿಸುವ ಸ್ವಿಚ್ಚುಗಳಿರುತ್ತವೆ. ಅವುಗಳ ವೈರ್ ಬಿಚ್ಚಿ ನೋಡಿದೆ, ನಡುಕ ನಿಲ್ಲಲಿಲ್ಲ. ಕೈಯಿಂದ ವೇಗ ಹೆಚ್ಚಿಸುವ ಥ್ರಾಟಲ್ಲಿನ ಸಿಗ್ನಲ್ ವೈರಿನಲ್ಲಿ ಸುಮಾರು 0.8 ವೋಲ್ಟಿನಿಂದ 4 ವೋಲ್ಟಿನ ಆಸುಪಾಸಿನವರೆಗೆ ಒಂದೇ ಸಮನೆ ಏರಬೇಕು, ಏರಿತು. ಉಳಿದದ್ದು ಮೋಟಾರಿನೊಳಗಿನ ಮೂರು ಹಾಲ್ ಸೆನ್ಸರುಗಳು, ಅಂದರೆ ಮೋಟಾರ್ ಎಷ್ಟು ತಿರುಗಿದೆ ಎಂದು ಅಯಸ್ಕಾಂತದಿಂದ ಗುರುತಿಸುವ ಸೆನ್ಸರುಗಳು. ಅವುಗಳ ಕೆಂಪು, ಕಪ್ಪು ವೈರುಗಳ ನಡುವೆ 5 ವೋಲ್ಟಿನ ಹತ್ತಿರ ಇರುವುದನ್ನು ಖಚಿತಪಡಿಸಿಕೊಂಡು, ಕಪ್ಪು ವೈರಿಗೂ ಉಳಿದ ಮೂರರಲ್ಲಿ ಒಂದೊಂದಕ್ಕೂ ಮಲ್ಟಿಮೀಟರ್ ಹಿಡಿದು ಚಕ್ರವನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸಬೇಕು. ಹಿಂದಕ್ಕೇ ತಿರುಗಿಸಬೇಕು, ಏಕೆಂದರೆ ನನ್ನದರಂತೆ ಒಳಗೆ ಗೇರ್ ಇರುವ ಹಬ್ ಮೋಟಾರಿನಲ್ಲಿ ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಬಿಟ್ಟುಕೊಂಡು ಚಕ್ರ ಮಾತ್ರ ತಿರುಗುತ್ತದೆ. ಹಳದಿ ಮತ್ತು ಹಸಿರು ವೈರುಗಳಲ್ಲಿ ವೋಲ್ಟೇಜ್ ಸೊನ್ನೆಗೂ 5ಕ್ಕೂ ನಡುವೆ ಹಾರುತ್ತಿತ್ತು. ನೀಲಿ ಮಾತ್ರ 5ರಲ್ಲೇ ನಿಂತಿತ್ತು. ಕೇಬಲ್ ಆಕ್ಸಲ್ಲಿನಿಂದ ಹೊರಬರುವ ಜಾಗದಲ್ಲಿ ರಬ್ಬರ್ ಸೀಳಿ, ಒಳಗೆ ಆ ತೆಳ್ಳನೆಯ ನೀಲಿ ವೈರ್ ಕತ್ತರಿಸಿಹೋಗಿತ್ತು.

ಮಾರಾಟಗಾರರಿಗೆ ಫೋಟೋ ಕಳಿಸಿ ಕೇಳಿದಾಗ, ವೈರ್ ತುಂಡಾಗುವುದು ವಾರಂಟಿಗೆ ಸೇರುವುದಿಲ್ಲ, ಚಕ್ರವನ್ನು ನಾನೇ ನನ್ನ ಖರ್ಚಿನಲ್ಲಿ ಕಳಿಸಬೇಕು ಎಂಬ ಉತ್ತರ ಬಂತು. ಟಾರ್ಕ್ ಆರ್ಮ್ ಏಕೆ ಕೊಟ್ಟಿಲ್ಲ ಎಂಬ ಪ್ರಶ್ನೆಗೆ, ಅದನ್ನು ಬೇರೆಯಾಗಿ ಕೊಳ್ಳಬಹುದು ಎಂದರು. ನನಗೆ ಸಹಿಸಲಾಗದ್ದು ಈ ಮಾತು. ಆಕ್ಸಲ್ ಸಡಿಲಾದರೆ ಹಾಳಾಗುವುದು ವೈರ್ ಮಾತ್ರವಲ್ಲ. ಗಂಗಾವತಿ ರಸ್ತೆಯಲ್ಲಿ ಭತ್ತದ ಲಾರಿಗಳ ನಡುವೆ ಹಿಂದಿನ ಚಕ್ರ ಸೀಳಿನಿಂದ ಕಳಚಿದರೆ ಸವಾರನ ಗತಿಯೇನು? ಅಷ್ಟು ಅಗತ್ಯದ ಪಟ್ಟಿಯನ್ನು ಐಚ್ಛಿಕ ಬಿಡಿಭಾಗವೆಂದು ಮಾರುವುದು ಸರಿಯಲ್ಲ.

ಪರಿಹಾರ ಸಿಕ್ಕಿದ್ದು ಗಿರಣಿಯ ಯಂತ್ರಗಳ ರಿಪೇರಿಗೆಂದು ನಾವು ಸದಾ ಹೋಗುವ ಲೇತ್ ಅಂಗಡಿಯಲ್ಲಿ. ಅಲ್ಲಿನ ಹಿರಿಯ ಮಿಸ್ತ್ರಿ ಆಕ್ಸಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ, "ನಟ್ ಎಷ್ಟ್ ಬಿಗಿದ್ರೂ ಇದು ನಿಲ್ಲಂಗಿಲ್ರಿ ಸರ, ಅಚ್ಚು ತಿರುಗದಂಗ ಹಿಡಿಯಾಕ ಒಂದು ಪಟ್ಟಿ ಬೇಕ್ರಿ" ಎಂದರು. ನಾನು ಟಾರ್ಕ್ ಆರ್ಮ್ ವಿಷಯವನ್ನು ಇನ್ನೂ ಎತ್ತಿಯೇ ಇರಲಿಲ್ಲ. 6 ಮಿ.ಮೀ. ದಪ್ಪದ ಉಕ್ಕಿನ ತಗಡಿನಲ್ಲಿ 10 ಮಿ.ಮೀ. ಸೀಳು ಕೊರೆದು, ಅರದಿಂದ ಉಜ್ಜಿ ಉಜ್ಜಿ, ಆಕ್ಸಲ್ಲಿನ ಮೇಲೆ ಸುತ್ತಿಗೆಯ ಮೆಲುಪೆಟ್ಟಿಗೆ ಮಾತ್ರ ಕೂರುವಷ್ಟು ಬಿಗಿಯಾಗಿ ಹೊಂದಿಸಿದರು. ಇನ್ನೊಂದು ತುದಿಯನ್ನು ಎರಡು ಹೋಸ್ ಕ್ಲಿಪ್ ಹಾಕಿ ಫ್ರೇಮಿಗೆ ಬಿಗಿದರು. ಗೇರ್ ಇರುವ ಮೋಟಾರ್ ಬ್ರೇಕ್ ಹಿಡಿದಾಗ ವಿದ್ಯುತ್ತನ್ನು ಹಿಂದಿರುಗಿಸುವುದಿಲ್ಲವಾದ್ದರಿಂದ ತಿರುಚು ಒಂದೇ ದಿಕ್ಕಿಗೆ ಬೀಳುತ್ತದೆ. ಹೀಗಾಗಿ ಒಂದೇ ಬದಿಗೆ ಪಟ್ಟಿ ಸಾಕಾಗಿದೆ. ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡಿಂಗ್ ಮಾಡುವ ಹುಡುಗನೊಬ್ಬ ಹಬ್ ಬಿಚ್ಚಿ ಹೊಸ ಕೇಬಲ್ ಎಳೆದುಕೊಟ್ಟ. ಎರಡೂ ಸೇರಿ ಆದ ಖರ್ಚು, ಚಕ್ರವನ್ನು ಕಂಪನಿಗೆ ಕಳಿಸುವ ಪಾರ್ಸೆಲ್ ಖರ್ಚಿಗಿಂತ ಕಡಿಮೆ.

ಆ ಬಳಿಕ ಮೋಟಾರ್ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ನಟ್ಟಿನಿಂದ ಪಟ್ಟಿಯ ಮೇಲೆ ಹಾಯುವಂತೆ ಕೆಂಪು ಬಣ್ಣದ ಒಂದು ಗೆರೆ ಎಳೆದಿದ್ದೇನೆ. ಬೆಳಿಗ್ಗೆ ಸೈಕಲ್ ಹೊರಗೆ ತೆಗೆಯುವಾಗ ಬಗ್ಗಿ ಆ ಗೆರೆ ನೇರವಾಗಿದೆಯೇ ಎಂದು ನೋಡುತ್ತೇನೆ. ಗೆರೆ ಮುರಿದಂತೆ ಕಂಡರೆ ನಟ್ ಸರಿದಿದೆ ಎಂದರ್ಥ, ಆಗ ಪಾನಾ ಹಿಡಿದರಾಯಿತು. ಕೇಬಲ್ಲನ್ನು ಆಕ್ಸಲ್ಲಿನಿಂದ ಮೊದಲು ಕೆಳಕ್ಕೆ ಬಾಗಿಸಿ ಆಮೇಲೆ ಮೇಲಕ್ಕೆ ಒಯ್ದಿದ್ದೇನೆ. ಮಳೆಯ ನೀರು ಆ ಬಾಗಿನ ತುದಿಯಿಂದಲೇ ತೊಟ್ಟಿಕ್ಕುತ್ತದೆ, ಮೋಟಾರಿನೊಳಗೆ ಇಳಿಯುವುದಿಲ್ಲ. ನಾಟಿಯ ಕಾಲದಲ್ಲಿ ಟ್ರ್ಯಾಕ್ಟರುಗಳು ರಸ್ತೆಗೆ ತರುವ ಕೆಸರು ಪೆಡಲ್ ಸೆನ್ಸರಿಗೆ ಅಂಟುವುದರಿಂದ ಮನೆಗೆ ಬಂದೊಡನೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಬ್ಯಾಟರಿಗೆ ಮಾತ್ರ ಹೆಚ್ಚಿನ ಉಪಚಾರ ಬೇಕು. ಲಿಥಿಯಂ ಸೆಲ್ಲುಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳೇ 40 ದಾಟುವಾಗ ಬಿಸಿಲಲ್ಲಿ ಬಂದ ಕರಿ ಪೆಟ್ಟಿಗೆ ಅದಕ್ಕಿಂತ ಮೇಲೆಯೇ ಇರುತ್ತದೆ. ಆದ್ದರಿಂದ ಸಂಜೆ ಅದನ್ನು ಬಿಚ್ಚಿ ಒಳಮನೆಯ ಪರ್ಸಿ ಕಲ್ಲಿನ ಮೇಲೆ ಇಡುತ್ತೇನೆ. ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಪೆಟ್ಟಿಗೆ ಮುಟ್ಟಿದರೆ ತಣ್ಣಗಿರುತ್ತದೆ. ಚಾರ್ಜರ್ ಚುಚ್ಚುವುದು ಆಗಲೇ, ಮಲಗುವ ಮೊದಲು ತೆಗೆಯುತ್ತೇನೆ.

ದಿನಕ್ಕೆ ಇಪ್ಪತ್ತು ಕಿ.ಮೀ. ಆಸುಪಾಸು ಓಡಾಡುವ, ಸ್ವತಃ ತುಳಿಯಲು ಬೇಸರಿಸದ, ಹತ್ತಿರದಲ್ಲಿ ಒಬ್ಬ ಒಳ್ಳೆಯ ಲೇತ್ ಮಿಸ್ತ್ರಿ ಇರುವವರು ಈ ಕಿಟ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಸ್ಕೂಟರಿನಂತೆ ಕೂತು ಸಾಗುವ ಆಸೆಯಿದ್ದವರಿಗೆ, ಹಿಂದೆ ಮತ್ತೊಬ್ಬರನ್ನು ಕೂರಿಸಿಕೊಳ್ಳುವವರಿಗೆ ಇದು ಹೊಂದುವುದಿಲ್ಲ. ಹಣ ಕಟ್ಟುವ ಮೊದಲು ಮಾರಾಟಗಾರರನ್ನು ಎರಡು ವಿಷಯ ಕೇಳಿ: ಟಾರ್ಕ್ ಆರ್ಮ್ ಪೆಟ್ಟಿಗೆಯಲ್ಲಿದೆಯೇ, ಮತ್ತು ಮೋಟಾರಿನ ಕೇಬಲ್ ಮಾತ್ರ ಬೇಕಾದರೆ ಬಿಡಿಯಾಗಿ ಕಳಿಸುತ್ತೀರಾ. ಮೊದಲನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ, ಸೈಕಲ್ಲನ್ನು ರಸ್ತೆಗೆ ಇಳಿಸುವ ಮೊದಲೇ ಲೇತ್ ಅಂಗಡಿಗೆ ಒಯ್ಯಿರಿ.