ನಾಲ್ಕು ಸೀಮೆಯ ನಾಲ್ಕು ಕಾದಂಬರಿ: ಕಲಬುರಗಿ ಕಿವಿಗೆ ಯಾವುದು ಎಷ್ಟು ಸಲೀಸು?

ಆಡುಮಾತಿನ ಕಾದಂಬರಿಯನ್ನು ಆಸೆಯಿಂದ ಕೈಗೆತ್ತಿಕೊಂಡು ಮೂವತ್ತನೇ ಪುಟಕ್ಕೇ ಮಡಚಿಡುವವರು ನಮ್ಮ ಕಡೆ ಬಹಳ ಮಂದಿ. ಯಾಕಂತ ಕೇಳಿದರೆ ‘ಭಾಷಾ ತಿಳೀಲಿಲ್ಲ’ ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಗೀತಾ ನಾಗಭೂಷಣ ಅವರ ‘ಬದುಕು’, ರಾವಬಹಾದ್ದೂರರ ‘ಗ್ರಾಮಾಯಣ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ದೇವನೂರ ಮಹಾದೇವರ ‘ಕುಸುಮಬಾಲೆ’, ಈ ನಾಲ್ಕನ್ನು ಒಂದರ ಹಿಂದೊಂದು ಓದಿ ಮುಗಿಸಿದರೆ ತೊಡಕು ಒಂದೊಂದರಲ್ಲಿ ಒಂದೊಂದು ಕಡೆ ಇದೆ ಎಂದು ಗೊತ್ತಾಗುತ್ತದೆ. ಊರು ಎಷ್ಟು ದೂರ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಲಬುರಗಿಯ ಓದುಗರಿಗೆ ಮನೆ ಪಕ್ಕದ ಪುಸ್ತಕವೂ ತೊಡಕಾಗಬಹುದು, ಏಳುನೂರು ಕಿಲೋಮೀಟರ್ ಆಚೆಯ ಪುಸ್ತಕದಲ್ಲಿ ನಮ್ಮದೇ ‘ಯಾಕ’, ‘ನಮಗ’ ಸಿಕ್ಕು ಬೆರಗಾಗಬಹುದು.

ಮೊದಲು ಮನೆಯದು. ‘ಬದುಕು’ ನಮ್ಮ ಜಿಲ್ಲೆಯ ಮಾತು, ನಮ್ಮ ದುಡಿಯುವ ಮಂದಿಯ ಬಾಳು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಹಾಗಿದ್ದೂ ಮೊದಲ ಹತ್ತು ಪುಟ ನಿಧಾನವೇ ಆಗುತ್ತವೆ. ಕಿವಿಗೆ ದಿನಾ ಬೀಳುವ ಮಾತನ್ನು ಕಣ್ಣು ಎಂದೂ ಅಚ್ಚಿನಲ್ಲಿ ನೋಡಿರುವುದಿಲ್ಲ. ಶಾಲೆಯ ಪಠ್ಯದಲ್ಲಿ ‘ಬರುತ್ತಿದ್ದಾನೆ’ ಎಂದು ಕಲಿತ ಕಣ್ಣಿಗೆ ‘ಬರ್ಲತ್ತಾನ’ ಎದುರಾದರೆ ಅದನ್ನು ಅಕ್ಷರ ಕೂಡಿಸಿ ಓದಬೇಕಾಗುತ್ತದೆ. ಇನ್ನೊಂದು ಕಾರಣ ಲಿಪಿಯದು. ‘ಹ್ಯಾಂಗ’, ‘ಬ್ಯಾಡ’, ‘ಪ್ಯಾಟಿ’ ಇವುಗಳಲ್ಲಿ ನಾವು ನುಡಿಯುವುದು ‘ಎ’ಗೂ ‘ಆ’ಗೂ ನಡುವಿನ ಒಂದು ಸ್ವರ. ಅದಕ್ಕೆ ಕನ್ನಡ ವರ್ಣಮಾಲೆಯಲ್ಲಿ ಗುರುತಿಲ್ಲ. ಬರೆಯುವವರು ಯ-ಒತ್ತು ಕೊಟ್ಟು ದೀರ್ಘ ಎಳೆಯುತ್ತಾರೆ, ಕಣ್ಣು ಅದನ್ನು ಹಾಗೇ ಬಿಡಿಸಿ ಓದಿ ಎಡವುತ್ತದೆ.

ಇದಕ್ಕೆ ಉಪಾಯ ಸರಳ. ಮೊದಲ ಹತ್ತು ಪುಟದ ಮಾತುಕತೆಗಳನ್ನಷ್ಟೇ ಬಾಯಿಬಿಟ್ಟು ಓದಿ, ಮನೆಯಲ್ಲಿ ಆಡುವ ವೇಗದಲ್ಲೇ. ಒಮ್ಮೆ ಕಿವಿಗೂ ಕಣ್ಣಿಗೂ ಹೊಂದಿಕೆ ಆಯಿತೆಂದರೆ ಮುಂದೆ ಗಂಟೆಗೆ ಮೂವತ್ತು ಪುಟ ಕಷ್ಟವಿಲ್ಲ. ಆದರೆ ಆ ಸಲೀಸಿನಲ್ಲೇ ಇನ್ನೊಂದು ಎಡವಟ್ಟು ಕಾದಿದೆ. ಎಲ್ಲ ಪದವೂ ಗೊತ್ತಿದ್ದದ್ದೇ ಅಂತ ಓಡುತ್ತಾ ಹೋದರೆ ಯಾರು ಯಾರಿಗೆ ಏನಾಗಬೇಕು ಅನ್ನುವುದು ಕಲಸಿಹೋಗುತ್ತದೆ. ನಮ್ಮ ಮಾತಿನಲ್ಲಿ ಹೆಸರಿಗಿಂತ ಯಕ್ಕ, ಯಣ್ಣ, ಅತ್ತಿ, ಕಾಕಾ, ಚಿಗವ್ವ ಇವೇ ಹೆಚ್ಚು. ಒಬ್ಬಳೇ ಹೆಂಗಸು ಒಬ್ಬರಿಗೆ ಅತ್ತಿ, ಇನ್ನೊಬ್ಬರಿಗೆ ಚಿಗವ್ವ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮನೆತನದ ಒಂದು ಗೆರೆಚಿತ್ರ ಹಾಕಿಕೊಳ್ಳುವುದು ಒಳ್ಳೆಯದು. ನಮ್ಮ ಮಾತು ನಗಿಸುವುದಕ್ಕಷ್ಟೇ ಅಂತ ಸಿನಿಮಾ, ನಾಟಕ ನೋಡಿ ರೂಢಿಯಾದವರು ಈ ಪುಸ್ತಕವನ್ನು ಓದಲೇಬೇಕು. ಅದೇ ಮಾತಿನಲ್ಲಿ ಸಿಟ್ಟು, ಹಸಿವು, ಸಂಕಟ ಎಷ್ಟು ಗಟ್ಟಿಯಾಗಿ ನಿಲ್ಲುತ್ತವೆ ಎಂಬುದು ಇದರಲ್ಲಿ ಕಾಣುವಷ್ಟು ಬೇರೆಡೆ ಕಾಣುವುದು ಅಪರೂಪ.

‘ಗ್ರಾಮಾಯಣ’ದ್ದು ಸಣ್ಣ ತೊಡಕು. 1957ರ ಕಾದಂಬರಿ, ಪಾದಳ್ಳಿ ಎಂಬ ಊರೇ ಅದರ ನಾಯಕ. ವ್ಯಾಕರಣ ನಮಗೆ ಪೂರಾ ಪರಿಚಿತ: ಮನಿ, ಊರಾಗ, ಹೋಗ್ಯಾನ. ಬೇರೆಯಾಗುವುದು ಕಚೇರಿ ಮಾತು. 1948ರವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು, ವಿಜಯಪುರ, ಧಾರವಾಡ ಸೀಮೆ ಮುಂಬಯಿ ಸರಕಾರದ ಕೆಳಗಿತ್ತು. ನಮ್ಮ ಹಳಬರ ಬಾಯಲ್ಲಿ ತಾಲೂಕಿಗೆ ತಹಸೀಲ್ದಾರ, ಅಲ್ಲಿ ಮಾಮಲೇದಾರ. ಇಲ್ಲಿ ತಾಲೂಕ್ದಾರ ಎಂದರೆ ಜಿಲ್ಲೆಯ ದೊಡ್ಡ ಅಧಿಕಾರಿ, ಅಲ್ಲಿ ಆತ ಕಲೆಕ್ಟರ. ನಮ್ಮ ಊರುಗಳಲ್ಲಿ ಪೊಲೀಸ್ ಪಾಟೀಲ, ಮಾಲಿ ಪಾಟೀಲ ಎಂದು ಅಧಿಕಾರ ಎರಡು ಮನೆತನಗಳಿಗೆ ಹಂಚಿರುತ್ತಿತ್ತು. ಆ ಕಡೆಯ ಹಳೆಯ ಕಾದಂಬರಿ ಯಾವುದನ್ನೇ ಓದುವ ಮುಂಚೆ ಇಷ್ಟು ತಲೆಯಲ್ಲಿದ್ದರೆ ಸಾಕು. ಪಾತ್ರಗಳು ಬಹಳ, ಆದರೆ ಊರಿನ ಹಣೆಬರಹ ಹಿಡಿದುಕೊಂಡು ಓದಿದರೆ ಯಾರೂ ತಪ್ಪಿಹೋಗುವುದಿಲ್ಲ. ನಾಲ್ಕರಲ್ಲಿ ಅತಿ ಬೇಗ ಮುಗಿಯುವುದು ಇದೇ. ಉತ್ತರದ ಮಾತಿನ ಕಾದಂಬರಿ ಮೊದಲ ಸಲ ಓದುವವರು ‘ಬದುಕು’ ಬಿಟ್ಟು ಇದರಿಂದ ಶುರು ಮಾಡಿದರೂ ಅಡ್ಡಿಯಿಲ್ಲ.

‘ಮಲೆಗಳಲ್ಲಿ ಮದುಮಗಳು’ (1967) ಕೈಗೆ ಬಂದರೆ ಅದರ ದಪ್ಪಕ್ಕೇ ಹೆದರಿಕೆ, ಏಳುನೂರು ಪುಟ ಮೀರುತ್ತದೆ. ಮಾತು ಅಷ್ಟು ಕಷ್ಟವಿಲ್ಲ, ಕಷ್ಟ ಕೊಡುವುದು ನೆಲ. ಕಲಬುರಗಿಯಲ್ಲಿ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ, ತೀರ್ಥಹಳ್ಳಿಯ ಆಚೆ ಆಗುಂಬೆಯಲ್ಲಿ 7000 ದಾಟುತ್ತದೆ. ತೊಗರಿ, ಜೋಳದ ಬಯಲು ನೋಡಿದ ಕಣ್ಣಿಗೆ ಕಾನು, ಗೊರಬು, ಬಗನಿ ಇವು ಬರೀ ಶಬ್ದ. ಕಾನು ಎಂದರೆ ಬಿಸಿಲು ನೆಲ ಮುಟ್ಟದ ದಟ್ಟ ಕಾಡು, ಗೊರಬು ಮಳೆಗೆ ತಲೆ ಬೆನ್ನು ಮುಚ್ಚುವ ಎಲೆಯ ಹೊದಿಕೆ, ಬಗನಿ ಕಳ್ಳು ಇಳಿಸುವ ಮರ. ಇಂಥ ಇಪ್ಪತ್ತು ಶಬ್ದ ಗೊತ್ತಾದರೆ ಅರ್ಧ ದಾರಿ ಸಾಗಿದಂತೆ. ಉಳಿದರ್ಧ ಮನೆಗಳ ಲೆಕ್ಕ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ: ಈ ಐದು ಮನೆಗಳನ್ನು ಒಂದು ಚೀಟಿಯಲ್ಲಿ ಬರೆದು, ಒಂದೊಂದರ ಕೆಳಗೆ ಯಜಮಾನ, ಅವನ ಆಳು, ಮನೆಯ ಹೆಣ್ಣುಮಕ್ಕಳು ಎಂದು ಓದುತ್ತ ಓದುತ್ತ ಸೇರಿಸಿಕೊಳ್ಳಿ. ಚೀಟಿ ಪುಸ್ತಕದಲ್ಲೇ ಗುರುತಿಗಿರಲಿ. ಗುತ್ತಿ ಸಿಂಬಾವಿಯವನು, ತಿಮ್ಮಿ ಬೆಟ್ಟಳ್ಳಿಯವಳು, ಮುಕುಂದಯ್ಯ ಕೋಣೂರಿನವನು, ಚಿನ್ನಮ್ಮ ಹೂವಳ್ಳಿಯವಳು ಎಂಬುದು ಗಟ್ಟಿಯಾದರೆ ಮಿಕ್ಕವರು ತಾವಾಗೇ ಜಾಗ ಹಿಡಿಯುತ್ತಾರೆ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪು, ಕಾಡಿನ ವರ್ಣನೆ ಬಂದ ಕೂಡಲೇ ಪುಟ ಹಾರಿಸುವುದು. ಆ ಉದ್ದ ವಾಕ್ಯಗಳಲ್ಲಿ ಸಂಸ್ಕೃತ ಪದಗಳ ಜೋಡಣೆ ಹೆಚ್ಚು, ನಿಜ. ಆದರೆ ದಾರಿ ಎಲ್ಲಿ ಕವಲೊಡೆಯಿತು, ಹಳ್ಳ ಎಲ್ಲಿ ದಾಟಿದರು ಅನ್ನುವುದೂ ಅಲ್ಲೇ ಇರುತ್ತದೆ. ಹಾರಿಸಿದರೆ ಹತ್ತು ಪುಟದ ನಂತರ ಯಾರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ದಿನಕ್ಕೆ ಇಪ್ಪತ್ತೈದು ಪುಟದಂತೆ ಹೋದರೆ ಒಂದು ತಿಂಗಳು. ಬೇಸಿಗೆ ರಜೆಯಲ್ಲಿ ಒಂದೇ ವಾರಕ್ಕೆ ಮುಗಿಸುತ್ತೇನೆ ಅಂತ ಕೂತವರು ಅರ್ಧಕ್ಕೇ ನಿಲ್ಲುತ್ತಾರೆ. ಮಲಗಿ ಓದುವವರಿಗೆ ಒಂದು ಮಾತು: ಮುನ್ನೂರೈವತ್ತು ಹಾಳೆಯ ಪುಸ್ತಕ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. ಎದೆ ಮೇಲೆ ಎತ್ತಿ ಹಿಡಿದರೆ ಕಾಲು ಗಂಟೆಗೆ ಮುಂಗೈ ಸೋಲುತ್ತದೆ, ದಿಂಬಿನ ಮೇಲಿಟ್ಟು ಓದಿ. ಅಂಟು ಹಚ್ಚಿ ಕಟ್ಟಿದ ಪ್ರತಿಯನ್ನು ಮೇ ತಿಂಗಳ ನಮ್ಮ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ. ಅಂಟು ಮೆತ್ತಗಾಗಿ ನಡುವಿನ ಹಾಳೆಗಳು ಕಳಚುತ್ತವೆ.

ಇನ್ನು ‘ಕುಸುಮಬಾಲೆ’. ನಾಲ್ಕರಲ್ಲಿ ಅತಿ ತೆಳ್ಳಗಿನದು, ಅತಿ ಕಷ್ಟದ್ದು, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮೇಲಿನದೂ ಅದೇ. 1990ರ ಅಕಾಡೆಮಿ ಪ್ರಶಸ್ತಿ ಇದಕ್ಕೆ ಬಂತು. ಉಳಿದವುಗಳಲ್ಲಿ ತೊಡಕಾದಾಗ ನಿರೂಪಣೆಯ ಕನ್ನಡ ಕೈಹಿಡಿದು ನಡೆಸುತ್ತದೆ. ಇಲ್ಲಿ ನಿರೂಪಣೆಯೂ ನಂಜನಗೂಡು ಸೀಮೆಯ ಮಾತಿನಲ್ಲೇ. ಊರುಗೋಲು ಇಲ್ಲ. ಜೊತೆಗೆ ಕುಸುಮೆ, ಚೆನ್ನರ ಕಥೆ ನಡೆದ ಕ್ರಮದಲ್ಲಿ ಬರುವುದಿಲ್ಲ. ರಾತ್ರಿ ದೀಪದ ಜೋತಮ್ಮಗಳು ಕೂಡಿ ಮಾತಾಡುತ್ತವೆ. ಮೊದಲ ಓದಿನಲ್ಲಿ ಗಂಟೆಗೆ ಹತ್ತು ಪುಟ ಆದರೆ ಅದೇ ಒಳ್ಳೆಯ ವೇಗ.

ಆ ಮಾತಿಗೆ ಕೆಲವು ಕೀಲಿಗಳಿವೆ. ಶಬ್ದದ ಮೊದಲ ‘ಹ’ ಬಿದ್ದುಹೋಗುತ್ತದೆ. ಸ್ವರದಿಂದ ಶುರುವಾಗುವ ಪದ ಅರ್ಥವಾಗದಿದ್ದರೆ ಮುಂದೊಂದು ‘ಹ’ಕಾರ ಹಚ್ಚಿ ನೋಡಿ: ಅಟ್ಟಿ ಹಟ್ಟಿಯಾಗುತ್ತದೆ, ಒಲ ಹೊಲವಾಗುತ್ತದೆ. ‘ಣ’ ಹೋಗಿ ‘ನ’ ಬರುತ್ತದೆ, ಕಣಾ ಎನ್ನುವುದು ಕನಾ. ವ್ಯಂಜನದ ಮುಂದಿನ ‘ರ್’ ಕರಗುತ್ತದೆ, ಬರ್ತೀನಿ ಎನ್ನುವುದು ಬತ್ತೀನಿ. ಪದದ ಕೊನೆಯ ‘ಎ’ಕಾರವನ್ನು ನಾವು ‘ಇ’ ಮಾಡಿ ಮನಿ, ಮಳಿ ಎಂದರೆ ಅವರು ‘ಅ’ ಮಾಡಿ ಮನ, ಮಳ ಎನ್ನುತ್ತಾರೆ. ‘ಯಾಕೆ’, ‘ನಮಗೆ’ ಬಂದಾಗ ಮಾತ್ರ ನಾವೂ ಅವರೂ ಒಂದೇ: ಯಾಕ, ನಮಗ. ಶಿಷ್ಟ ಕನ್ನಡವಷ್ಟೇ ಗೊತ್ತಿರುವವರಿಗೆ ಇಲ್ಲದ ಅನುಕೂಲ ಇಲ್ಲಿ ನಮಗಿದೆ, ಕಿವಿ ಅಷ್ಟರಮಟ್ಟಿಗೆ ಮೊದಲೇ ಹದವಾಗಿರುತ್ತದೆ. ಪದಗಳಲ್ಲಿ ‘ಮಡಗು’ ಎಂದರೆ ಇಡು, ‘ಒಸಿ’ ಎಂದರೆ ನಮ್ಮ ಜರಾ, ‘ಗೇಮೆ’ ಎಂದರೆ ದುಡಿಮೆ.

ಇದನ್ನು ಮೌನವಾಗಿ ಓದಿದರೆ ಕೆಡುತ್ತದೆ. ಆ ಗದ್ಯ ಉಸಿರಿನ ಅಳತೆಯಲ್ಲಿ ಕಟ್ಟಿದ್ದು, ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ವಾಕ್ಯವೇ ಬಿಡಿಸಲಾಗದು. ವಿದ್ವಾಂಸ ಎಲ್. ಬಸವರಾಜು ಇದನ್ನು ಪದ್ಯದ ಸಾಲುಗಳಾಗಿ ಒಡೆದು ಜೋಡಿಸಿದ್ದಾರೆ. ಆ ಪ್ರತಿ ಸಿಕ್ಕರೆ ನಿಲುಗಡೆ ಎಲ್ಲೆಲ್ಲಿ ಅನ್ನುವುದು ಕಣ್ಣಿಗೇ ಕಾಣುತ್ತದೆ. ಸಿಗದಿದ್ದರೆ ಇನ್ನೊಂದು ದಾರಿ. ಕಲಬುರಗಿ, ಬೀದರ್, ಯಾದಗಿರಿಯ ಬ್ಯಾಂಕು, ಕಾಲೇಜು, ಸರಕಾರಿ ಕಚೇರಿಗಳಿಗೆ ಮೈಸೂರು, ಚಾಮರಾಜನಗರದ ಕಡೆಯಿಂದ ವರ್ಗವಾಗಿ ಬಂದವರು ಇದ್ದೇ ಇರುತ್ತಾರೆ. ಅಂಥವರೊಬ್ಬರಿಂದ ಮೊದಲ ಎರಡು ಪುಟ ಓದಿಸಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಪುಸ್ತಕ ತೆರೆದಿಟ್ಟುಕೊಂಡು ಮೂರು ಸಲ ಕೇಳಿ, ಅವರು ಉಸಿರು ತೆಗೆದುಕೊಂಡ ಕಡೆಯೆಲ್ಲ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯಿರಿ. ಮೂರನೇ ಪುಟದಿಂದ ಆ ಗೆರೆಗಳನ್ನು ನೀವೇ ಹಾಕಬಲ್ಲಿರಿ.