ಸ್ಟ್ಯಾಂಡಿನಲ್ಲಿ ಹಿಚುಕಿದ ಬ್ರೇಕು, ಬಂಡೆಯ ಮೇಲೆ ಹಿಡಿದ ಬ್ರೇಕು

ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯ ಲಗೂನಾ ಸೇಕಾಗೆ ಹೋದರೆ ರೇಸ್ ಕಾರುಗಳು ಓಡುವ ಜಾಗದಲ್ಲಿ ಸೈಕಲ್ ಜಾತ್ರೆ ನೆರೆದಿರುತ್ತದೆ. ಅದರ ಹೆಸರು ಸೀ ಆಟರ್, 1991ರಲ್ಲಿ ಶುರುವಾದ ಮೇಳ. 2024ರಲ್ಲಿ ನಾನು ಅಲ್ಲಿಗೆ ಹೋದದ್ದು ಡೌನ್‌ಹಿಲ್ ಬೈಕಿನ, ಅಂದರೆ ಬೆಟ್ಟ ಇಳಿಯುವ ಸೈಕಲ್ಲಿನ, ಹೊಸ ಸಾಮಾನನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹ್ಯಾಂಡಲ್ ಹಿಡಿದು ಮುಂದಿನ ಚಕ್ರದ ಬಡಿತ ನುಂಗುವ ಫೋರ್ಕ್ ಅದುಮಿದೆ, ಸೀಟಿನ ಮೇಲೆ ಭಾರ ಹಾಕಿ ಹಿಂದಿನ ಶಾಕ್ ಕುಗ್ಗಿಸಿದೆ, ಬ್ರೇಕ್ ಲಿವರ್ ಹತ್ತು ಸಲ ಹಿಚುಕಿದೆ. ಮನಸ್ಸು ಅಲ್ಲೇ ತೀರ್ಪು ಕೊಟ್ಟುಬಿಟ್ಟಿತ್ತು: ಸ್ರಾಮ್ ಕಂಪನಿಯ ಹೊಸ ಮೇವನ್ ಬ್ರೇಕ್ ಬಿರುಸು, ನನಗೆ ಆಗಿಬರುವುದಿಲ್ಲ, ಹಿಂದಿನ ಚಕ್ರದ ತೋಳು ತಿರುಗುವ ಕೀಲು (ಪಿವಟ್) ಎತ್ತರದಲ್ಲಿದ್ದು, ಚೈನಿಗೆ ಐಡ್ಲರ್ ಎಂಬ ಹೆಚ್ಚುವರಿ ಚಕ್ರ ಇರುವ ಹೈ ಪಿವಟ್ ಫ್ರೇಮ್ ಸುಮ್ಮನೆ ತಲೆನೋವು.

ಆ ಬೇಸಿಗೆಯಲ್ಲಿ ಟ್ರಕೀ ಹತ್ತಿರದ, ಲಿಫ್ಟಿನಲ್ಲಿ ಏರಿ ಸೈಕಲ್ಲಿನಲ್ಲಿ ಇಳಿಯುವ ನಾರ್ತ್‌ಸ್ಟಾರ್ ಬೈಕ್ ಪಾರ್ಕಿಗೆ ಮೂರು ಸಲ ಹೋಗಿ ಬಂದೆ. ಎರಡು ತೀರ್ಪಿನಲ್ಲಿ ಒಂದು ಪೂರ್ತಿ ಬಿದ್ದುಹೋಯಿತು, ಇನ್ನೊಂದು ಅರ್ಧ ಉಳಿಯಿತು.

ಮೊದಲು ಬ್ರೇಕಿನ ವಿಷಯ. ಇದೊಂದನ್ನು ನನ್ನದೇ ಬೈಕಿನಲ್ಲಿ, ಅದೇ ಟೈರು, ಅದೇ ದಾರಿಯಲ್ಲಿ ಹೋಲಿಸಿದ್ದೇನೆ. ಐದು ವರ್ಷದಿಂದ ನನ್ನ ಬೈಕಿನಲ್ಲಿ ಇದ್ದದ್ದು ಶಿಮಾನೊ ಕಂಪನಿಯ ಸೇಂಟ್ ಬ್ರೇಕ್. 2012ರಲ್ಲಿ ಬಂದ ಮಾದರಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ನಾಲ್ಕು ಪಿಸ್ಟನ್, ಒಳಗೆ ಮಿನರಲ್ ಆಯಿಲ್. ಇದರ ಲಿವರ್ ಎಳೆದರೆ ಮೊದಲು ಪ್ಯಾಡ್ ಸರಕ್ಕನೆ ಡಿಸ್ಕಿನ ಹತ್ತಿರ ಬರುತ್ತದೆ, ಆಮೇಲೆ ಬಲ ಕೂಡಿಕೊಳ್ಳುತ್ತದೆ. ಒಂದೇ ಬೆರಳು, ಅದರ ತುದಿಯೇ ಸಾಕು. ಮೇವನ್‌ಗೂ ನಾಲ್ಕು ಪಿಸ್ಟನ್, ಆದರೆ ದೊಡ್ಡವು: 18 ಮತ್ತು 19.5 ಮಿ.ಮೀ. ಸ್ರಾಮ್ ತನ್ನ ಕೋಡ್ ಎಂಬ ಬ್ರೇಕಿಗೆ ಡಾಟ್ ಎಂಬ ಬೇರೆ ದ್ರವ ಬಳಸುತ್ತಿತ್ತು, ಮೇವನ್‌ಗೆ ಮಿನರಲ್ ಆಯಿಲ್ ಹಾಕಿದೆ. ಮನೆಯಲ್ಲೇ ಬ್ರೇಕ್ ಬ್ಲೀಡ್ ಮಾಡುವ, ಅಂದರೆ ಪೈಪಿನ ಗಾಳಿ ತೆಗೆದು ದ್ರವ ತುಂಬುವ, ನನ್ನಂಥವರಿಗೆ ಇದು ದೊಡ್ಡ ನೆಮ್ಮದಿ. ಡಾಟ್ ಒಂದು ಹನಿ ಫ್ರೇಮಿನ ಮೇಲೆ ಬಿದ್ದರೂ ಪೇಂಟು ಕಿತ್ತುಬರುತ್ತದೆ, ಗಾಳಿಯ ತೇವವನ್ನೂ ಅದು ಹೀರಿಕೊಳ್ಳುತ್ತದೆ.

ಬದಲಾಯಿಸುವಾಗ ಡಿಸ್ಕನ್ನೂ ಬದಲಾಯಿಸಬೇಕಾಯಿತು. ಶಿಮಾನೊ ಡಿಸ್ಕ್ 203 ಮಿ.ಮೀ., ಸ್ರಾಮ್‌ನದು 200. ಆ ಮೂರು ಮಿಲಿಮೀಟರಿಗೆ ಅಡಾಪ್ಟರ್ ಬೇರೆ. ಸ್ರಾಮ್ ಡಿಸ್ಕ್ 2 ಮಿ.ಮೀ. ದಪ್ಪ, ನನ್ನ ಹಳೆಯದು 1.8. ಬಿಸಿ ತಡೆಯುವ ವಿಷಯದಲ್ಲಿ ಈ ದಪ್ಪಕ್ಕೆ ಬೆಲೆಯಿದೆ. ಜೋಡಿಸುವ ಕೆಲಸವನ್ನು ಅವಸರದಲ್ಲಿ ಒಂದು ಅಂಗಡಿಗೆ ವಹಿಸಿದ್ದೆ, ಪೈಪಿನಲ್ಲಿ ಗಾಳಿ ಉಳಿಸಿ ಕೊಟ್ಟಿದ್ದರು. ಮೊದಲ ದಿನದ ಎರಡನೇ ಇಳಿತದಲ್ಲೇ ಲಿವರ್ ಹ್ಯಾಂಡಲ್ಲಿಗೆ ತಾಗಿತು. ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆಗೆದು, ಸಿರಿಂಜು ಹಿಡಿದು ಮತ್ತೆ ಬ್ಲೀಡ್ ಮಾಡಿದೆ. ಒಂದಾದ ಮೇಲೊಂದು ಗುಳ್ಳೆ ಬರುತ್ತಲೇ ಇತ್ತು. ಆ ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮರುದಿನ ಕಾರ್ಪಿಯಲ್ ಟ್ರೇಲ್. ಬಂಡೆ, ಪುಡಿಗಲ್ಲು, ಮಧ್ಯೆ ಗೋಧಿ ಹಿಟ್ಟಿನಂಥ ಧೂಳು. ಸೇಂಟ್‌ನಲ್ಲಿ ಈ ದಾರಿ ಇಳಿದು ಕೆಳಗೆ ಬಂದಾಗ ನನ್ನ ಬಲ ಮುಂಗೈ ಬಿಗಿದು ಕಲ್ಲಾಗಿರುತ್ತಿತ್ತು. ಮೇವನ್‌ನಲ್ಲಿ ಹಾಗಾಗಲಿಲ್ಲ. ಇದು ನನಗೇ ಆಶ್ಚರ್ಯ. ಲಿವರ್ ಎಳೆಯಲು ಬಲ ಹೆಚ್ಚು ಬೇಕು ನಿಜ, ಆದರೆ ಎಳೆದ ಮೇಲೆ ಚಕ್ರ ನಿಧಾನವಾಗುವುದು ಎಷ್ಟು ಬೇಗ ಎಂದರೆ ಹಿಡಿದುಕೊಂಡೇ ಇರಬೇಕಾದ ಹೊತ್ತು ಕಡಿಮೆ. ಹಿಡಿ, ಬಿಡು. ಬೆರಳಿಗೆ ಆ ಬಿಡುವಿನಲ್ಲೇ ವಿಶ್ರಾಂತಿ ಸಿಗುತ್ತದೆ. ಮೇಳದ ಸ್ಟ್ಯಾಂಡಿನಲ್ಲಿ ಚಕ್ರ ತಿರುಗುತ್ತಿರಲಿಲ್ಲ, ಹಾಗಾಗಿ ಅಲ್ಲಿ ನನಗೆ ತಿಳಿದದ್ದು ಲಿವರಿನ ಬಿರುಸು ಮಾತ್ರ, ಬ್ರೇಕಿನ ಬಲವಲ್ಲ.

ಸೇಂಟ್ ಗೆಲ್ಲುವ ಜಾಗವೂ ಇದೆ. ಜಾರುವ ಒಣ ಧೂಳಿನ ತಿರುವಿನಲ್ಲಿ ಹಿಂದಿನ ಚಕ್ರವನ್ನು ಚೂರೇ ಚೂರು ತಡೆಯಬೇಕಾದಾಗ ಆ ಹಗುರ ಲಿವರ್ ನನ್ನ ಬೆರಳಿನ ಮಾತು ಬೇಗ ಕೇಳುತ್ತಿತ್ತು.

ಇನ್ನು ಫ್ರೇಮ್. ಇಬ್ಬರು ಗೆಳೆಯರು ದೊಡ್ಡ ಮನಸ್ಸು ಮಾಡಿ ತಮ್ಮ ಬೈಕ್ ಕೊಟ್ಟರು: ಒಂದು ಸಾಂತಾ ಕ್ರೂಜ್ ವಿ10, ಒಂದು ಕಮೆನ್ಸಾಲ್ ಸುಪ್ರೀಮ್. ಎರಡಕ್ಕೂ ಮುಂದೆ 29 ಇಂಚು, ಹಿಂದೆ 27.5 ಇಂಚಿನ ಚಕ್ರ. ಎರಡಕ್ಕೂ ಒಂದೇ ಜಾತಿಯ ಟೈರು ಹಾಕಿ, ಒಂದೇ ಗೇಜಿನಲ್ಲಿ ಗಾಳಿ ಅಳೆದೆವು. ಈ ಎಚ್ಚರ ಇಲ್ಲದಿದ್ದರೆ ನಾವು ಹೋಲಿಸುವುದು ಟೈರನ್ನೇ ಹೊರತು ಫ್ರೇಮನ್ನಲ್ಲ.

ವಿ10 ಕಾರ್ಬನ್. ಹೆಸರಿನ 10 ಅಂದರೆ ಮೊದಲ ಮಾದರಿಗಿದ್ದ ಹಿಂದಿನ ಚಕ್ರದ 10 ಇಂಚು ಟ್ರಾವೆಲ್, ಬಡಿತಕ್ಕೆ ಚಕ್ರ ಮೇಲೆ ಸರಿಯುವ ದೂರ. ಈಗಿನದಕ್ಕೆ 208 ಮಿ.ಮೀ., 8 ಇಂಚಿಗೆ ತುಸು ಮೇಲೆ. ಎರಡು ಗಿಡ್ಡ ಲಿಂಕ್‌ಗಳು ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗಿ ಹಿಂಭಾಗವನ್ನು ಎತ್ತುತ್ತವೆ. ಸುಪ್ರೀಮ್ ಅಲ್ಯೂಮಿನಿಯಂ. ಅದರ ಪಿವಟ್ ಎತ್ತರದಲ್ಲಿದೆ. ಚೌಕ ಅಂಚಿನ ಕಲ್ಲಿಗೆ ಬಡಿದಾಗ ಚಕ್ರ ಬರೀ ಮೇಲಕ್ಕಲ್ಲ, ಹಿಂದಕ್ಕೂ ಸರಿಯುತ್ತದೆ. ಚಕ್ರ ಹಿಂದೆ ಹೋದರೆ ಚೈನ್ ಎಳೆದು ಪೆಡಲ್ ಕಾಲನ್ನು ಒದೆಯಬೇಕಲ್ಲ? ಆಗದಂತೆ ಚೈನನ್ನು ಪಿವಟ್ ಹತ್ತಿರದ ಐಡ್ಲರ್ ಎಂಬ ಪುಟ್ಟ ಹಲ್ಲಿನ ಚಕ್ರದ ಮೇಲೆ ಹಾಯಿಸುತ್ತಾರೆ.

ಕಾರ್ಪಿಯಲ್‌ನಲ್ಲಿ ಮೊಣಕಾಲೆತ್ತರದ ಬಂಡೆಗಳು ಸಾಲಾಗಿ ಬರುವ ಒಂದು ತುಂಡಿದೆ. ಅಲ್ಲಿ ವಿ10 ನನ್ನನ್ನು ಎಚ್ಚರದಲ್ಲಿಟ್ಟಿತು. ಪ್ರತಿ ಕಲ್ಲು ಪಾದಕ್ಕೆ ತಿಳಿಯುತ್ತಿತ್ತು. ನೋವಲ್ಲ, ಸುದ್ದಿ. ಸುಪ್ರೀಮ್‌ನಲ್ಲಿ ಅದೇ ತುಂಡು, ಅದೇ ಸಾಲು: ಯಾರೋ ಕಲ್ಲುಗಳ ನೆತ್ತಿ ಉಜ್ಜಿ ಇಟ್ಟ ಹಾಗೆ. ಬಡಿತ ಬಂದಾಗ ವೇಗ ಕಳೆಯುವುದು ಕಡಿಮೆ, ಹಾಗಾಗಿ ಮುಂದಿನ ತಿರುವಿಗೆ ನಾನು ಎಣಿಸಿದ್ದಕ್ಕಿಂತ ಬೇಗ ತಲುಪಿದೆ, ಒಂದೆರಡು ಸಲ ಗಾಬರಿಯೂ ಆಯಿತು. ರೇಸರ್ ಅಮೊರಿ ಪಿಯೆರೋನ್ 2018ರ ಡೌನ್‌ಹಿಲ್ ವಿಶ್ವಕಪ್ ಸರಣಿಯನ್ನು ಸುಪ್ರೀಮ್ ಮೇಲೆ ಗೆದ್ದದ್ದನ್ನು ಟಿವಿಯಲ್ಲಿ ನೋಡಿದ್ದೆ; ಆ ಬೈಕ್ ಏನು ಮಾಡುತ್ತದೆಂದು ಅರ್ಥವಾದದ್ದು ಇಲ್ಲಿ.

ಆದರೆ ಅದೇ ಪಾರ್ಕಿನ ಲೈವ್‌ವೈರ್ ಎಂಬ ಇನ್ನೊಂದು ಟ್ರೇಲಿನ ಜಿಗಿತ, ತಿರುವುಗಳಿಗೆ ಬಂದಾಗ ಮಾತು ಬೇರೆ. ತಿರುವಿನ ಗೋಡೆಗೆ ಒತ್ತಿದಾಗ ಹೈ ಪಿವಟ್ ಬೈಕಿನ ಹಿಂಭಾಗ ಉದ್ದವಾಗುತ್ತದೆ, ಬೈಕ್ ತಿರುಗಲು ಒಂದು ಕ್ಷಣ ಯೋಚಿಸುತ್ತದೆ. ವಿ10 ಅಲ್ಲಿ ಕರುವಿನ ಹಾಗೆ ಚಿಮ್ಮಿತು. ಐಡ್ಲರ್ ವಿಷಯದಲ್ಲಿ ನನ್ನ ಮೊದಲ ಅನುಮಾನವೂ ಉಳಿದಿದೆ. ಮಧ್ಯಾಹ್ನದ ಹೊತ್ತಿಗೆ ಧೂಳು ಮೆತ್ತಿ ಚೈನ್ ಕರಕರ ಅನ್ನತೊಡಗಿತು. ಊಟಕ್ಕೆ ಕೂತಾಗ ಬೈಕಿನ ಒಡೆಯ ಬ್ರಷ್ಷು ಹಿಡಿದು ಹಲ್ಲು ಹಲ್ಲೂ ತಿಕ್ಕುತ್ತಾ, "ದಿನಾ ಇಷ್ಟು ಮಾಡ್ಲೇಬೇಕು ಗುರು, ಮಾಡಿದ್ರೆ ಏನೂ ತೊಂದ್ರೆ ಕೊಡಲ್ಲ" ಅಂದ.

ವಿ10 ಅಂದರೆ ಡೌನ್‌ಹಿಲ್ ರೇಸರ್ ಗ್ರೆಗ್ ಮಿನಾರ್ ಎಂದೇ ಬೆಳೆದವನು ನಾನು. 2017ರಲ್ಲಿ ಫೋರ್ಟ್ ವಿಲಿಯಂನ ವಿಶ್ವಕಪ್ ರೇಸಿನಲ್ಲಿ 29 ಇಂಚಿನ ವಿ10 ಮೇಲೆ ಆತ ಗೆದ್ದ ದಿನ ದೊಡ್ಡ ಚಕ್ರದ ಬಗ್ಗೆ ಇದ್ದ ವಾದ ಬಹುಮಟ್ಟಿಗೆ ಮುಗಿಯಿತು. ಹಿಂದೆ ಮುಂದೆ ಬೇರೆ ಬೇರೆ ಅಳತೆಯ ಚಕ್ರಕ್ಕೆ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಒಪ್ಪಿದ್ದು 2019ರಲ್ಲಿ; ಅದೇ ವರ್ಷ ಲೊಯಿಕ್ ಬ್ರೂನಿ ಅಂಥ ಜೋಡಿಯಲ್ಲೇ ಮೊಂಟ್ ಸೇಂಟ್ ಆನ್‌ನಲ್ಲಿ ವಿಶ್ವ ಚಾಂಪಿಯನ್ ಆದ. 2024ಕ್ಕೆ ಮಿನಾರ್ ಸಾಂತಾ ಕ್ರೂಜ್ ತಂಡ ಬಿಟ್ಟು ನೋರ್ಕೊ ತಂಡಕ್ಕೆ ಹೋಗಿ ಹೈ ಪಿವಟ್ ಬೈಕ್ ಹತ್ತಿದಾಗ ನನಗೆ ನಿಜವಾಗಿಯೂ ಮನಸ್ಸು ಭಾರವಾಗಿತ್ತು. ಸುಪ್ರೀಮ್ ಓಡಿಸಿದ ಮೇಲೆ ಆ ಭಾರ ಸ್ವಲ್ಪ ಇಳಿಯಿತು.

ಫೋರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿ10ಗೆ ಫಾಕ್ಸ್ 40, ಸುಪ್ರೀಮ್‌ಗೆ ರಾಕ್‌ಶಾಕ್ಸ್ ಬಾಕ್ಸರ್ ಇತ್ತು. ಫ್ರೇಮೇ ಬೇರೆಯಾದ್ದರಿಂದ ನ್ಯಾಯವಾದ ಹೋಲಿಕೆ ಆಗುವುದಿಲ್ಲ. ಬಾಕ್ಸರ್‌ನ ಕಾಲಿನ ಕೊಳವೆ ಮೊದಲು 35 ಮಿ.ಮೀ. ಇತ್ತು, 2023ರಲ್ಲಿ 38ಕ್ಕೆ ದಪ್ಪವಾಯಿತು. ಫಾಕ್ಸ್‌ನದು ಹೆಸರೇ ಹೇಳುವಂತೆ 40. ನನ್ನ 74 ಕಿಲೋ ತೂಕಕ್ಕೆ 38 ಸಾಲದೆನಿಸಲಿಲ್ಲ. ಎರಡರಲ್ಲೂ ಕೆಳಗಿನ ಕಾಲಿನ ಹಿಂದೆ ಗಾಳಿ ಬಿಡುವ ಪುಟ್ಟ ಗುಂಡಿ ಇದೆ. ಸಮುದ್ರ ಮಟ್ಟದಿಂದ ಹೊರಟು ಬೆಟ್ಟದ ತುದಿಯಲ್ಲಿ ಲಿಫ್ಟ್ ಇಳಿದು ಅದನ್ನು ಒತ್ತಿದರೆ 'ಪುಸ್' ಅನ್ನುತ್ತದೆ, ಫೋರ್ಕ್ ಮೊದಲ ಇಂಚಿನಲ್ಲಿ ಮೆತ್ತಗಾಗುತ್ತದೆ. ದಯವಿಟ್ಟು ಒತ್ತಿ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ.

ನಾನು ಹಣ ಕೂಡಿಸುತ್ತಿರುವುದು ಸುಪ್ರೀಮ್‌ಗೆ. ನನಗೆ ಬಂಡೆಯ ದಾರಿಯೇ ಇಷ್ಟ, ಬ್ರಷ್ಷು ಹಿಡಿಯಲು ಬೇಸರವಿಲ್ಲ. ಮೇವನ್ ನನ್ನ ಬೈಕಿನಲ್ಲೇ ಉಳಿಯಿತು. ಬಿಚ್ಚಿಟ್ಟ ಸೇಂಟ್ ಜೋಡಿಯನ್ನು ಹೆಂಡತಿಯ ಬೈಕಿಗೆ ಹಾಕಿದೆ. ಅವಳದು ಚಿಕ್ಕ ಕೈ, ಅವಳು ಇಳಿಯುವುದು ಲೈವ್‌ವೈರ್. ಮೇವನ್ ಒಂದು ಸಲ ಹಿಡಿದು ನೋಡಿ, "ಇದು ಬೇಡ ಕಣ್ರೀ, ನಿಮ್ಮ ಹಳೇದೇ ಕೊಡಿ" ಅಂದಿದ್ದಳು.